ಕೊಳ್ಳುವವರ ಬಾಯಿಯ ಮಾತನ್ನೇ ಬರೆಯಿರಿ

ಉಡುಪಿ ಕಡೆಯ ಗೃಹಿಣಿಯೊಬ್ಬರಿಗೆ ತಾರಸಿಯ ಮೇಲೆ ಶಂಕರಪುರ ಮಲ್ಲಿಗೆ ಬೆಳೆಸಿ ಅನುಭವವಿದೆ ಎಂದುಕೊಳ್ಳೋಣ. ತಾವು ಕಲಿತದ್ದನ್ನು 40 ಪುಟದ ಪಿಡಿಎಫ್, ಆರು ವಿಡಿಯೊ ಪಾಠಗಳಾಗಿ ಮಾಡಿ 499 ರೂಪಾಯಿಗೆ ಆನ್‌ಲೈನ್‌ನಲ್ಲಿ ಮಾರಲು ಹೊರಟಿದ್ದಾರೆ. ಹೂವಾದರೆ ಮೂಸಿ ನೋಡಿ ಕೊಳ್ಳಬಹುದು. ಇಲ್ಲಿ ಗಿರಾಕಿಯ ಕಣ್ಣೆದುರು ಇರುವುದು ಕೋರ್ಸ್ ಮಾರಲು ವಾಟ್ಸ್‌ಆ್ಯಪ್‌ನಲ್ಲಿ ಕಳಿಸುವ ಬರಹ ಮಾತ್ರ.

ಅವರ ಜಾಗದಲ್ಲಿ ನೀವಿದ್ದರೆ, ಮೊದಲ ವಾರ ಏನನ್ನೂ ಬರೆಯಬೇಡಿ. ಜನ ಕೇಳುವ ಪ್ರಶ್ನೆಗಳನ್ನು ಅವರು ಕೇಳಿದ ಹಾಗೆಯೇ ಒಂದು ನೋಟ್‌ಬುಕ್‌ನಲ್ಲಿ ಗುರುತು ಹಾಕಿಕೊಳ್ಳಿ. ‘ಗಿಡ ಚಂದ ಉಂಟು, ಮೊಗ್ಗೇ ಬರ್ತಾ ಇಲ್ಲ’, ‘ಮಳೆಗಾಲದಲ್ಲಿ ಚಟ್ಟಿಯ ಬೇರು ಕೊಳೆತು ಹೋಗ್ತದೆ’. ಈ ಮಾತುಗಳನ್ನು ತಿದ್ದಬೇಡಿ, ನಿಮ್ಮ ಬಂಡವಾಳ ಅವೇ. ‘ಮಲ್ಲಿಗೆ ಕೃಷಿಗೆ ಸಮಗ್ರ ವೈಜ್ಞಾನಿಕ ಮಾರ್ಗದರ್ಶಿ’ ಬೇಕೆಂದು ಯಾರೂ ಕೇಳಿರುವುದಿಲ್ಲ.

ಹೆಚ್ಚು ಸಲ ಬಂದ ಪ್ರಶ್ನೆಯೇ ತಲೆಬರಹ: ‘ಗಿಡ ಹಸಿರಾಗಿದೆ, ಮೊಗ್ಗು ಬರುತ್ತಿಲ್ಲವೇ?’ ವಾಟ್ಸ್‌ಆ್ಯಪ್ ಉದ್ದದ ಸಂದೇಶವನ್ನು ಮಡಚಿ ತೋರಿಸುತ್ತದೆ. ಆದ್ದರಿಂದ ಅಸಲು ಮಾತು ಮೊದಲ ಎರಡು ಸಾಲಿನಲ್ಲೇ ಇರಲಿ. ನಮಸ್ಕಾರ, ಪರಿಚಯವೆಲ್ಲ ಆಮೇಲೆ.

ನಂತರ ಪಾಠಗಳ ವಿವರ. ‘ಪಾಠ 3: ಸವರುವಿಕೆ’ ಎಂದರೆ ಓದುವವರಿಗೆ ಏನೂ ಸಿಕ್ಕಿದಂತಾಗುವುದಿಲ್ಲ. ಮಲ್ಲಿಗೆ ಹೂ ಬಿಡುವುದು ಹೊಸ ಚಿಗುರಿನಲ್ಲಿ. ಹಾಗಾಗಿ ‘ಹೊಸ ಚಿಗುರು ಬರಿಸಲು ಯಾವ ಗೆಲ್ಲನ್ನು ಎಲ್ಲಿಗೆ ಕತ್ತರಿಸಬೇಕು’ ಎಂದು ಬರೆದರೆ, ಪಾಠ ಮುಗಿದ ಮೇಲೆ ತಮ್ಮ ಕೈಯಲ್ಲಿ ಏನಾಗುತ್ತದೆ ಎಂಬುದು ಅವರಿಗೆ ಕಾಣುತ್ತದೆ.

ನಂಬಿಕೆ ಗಳಿಸುವ ಭಾಗಕ್ಕೆ ಹೆಚ್ಚು ಸಮಯ ಕೊಡಿ. ಹೆಚ್ಚಿನವರು ಎಡವುವುದು ಇಲ್ಲಿಯೇ. ಶಂಕರಪುರ ಮಲ್ಲಿಗೆಯ ಲೆಕ್ಕ ಚೆಂಡು, ಅಟ್ಟೆಗಳಲ್ಲಿ: 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ದರ ದಿನದಿನಕ್ಕೂ ಬದಲಾಗುತ್ತದೆ. ಹೀಗಿರುವಾಗ ‘ತಿಂಗಳಿಗೆ ಇಷ್ಟು ಸಾವಿರ ಗ್ಯಾರಂಟಿ’ ಎಂದು ಬರೆದರೆ, ಹೂವಿನ ವ್ಯಾಪಾರ ಬಲ್ಲವರು ಅಲ್ಲಿಗೇ ಓದು ನಿಲ್ಲಿಸುತ್ತಾರೆ. ಅದರ ಬದಲು ನಿಮ್ಮ ತಾರಸಿಯ ವರ್ಷದ ಲೆಕ್ಕದ ಪುಟದ ಫೋಟೊ ಹಾಕಿ. ಮಳೆಗಾಲದಲ್ಲಿ ಹೂ ಇಳಿದ ತಿಂಗಳುಗಳನ್ನೂ ಮುಚ್ಚಿಡಬೇಡಿ. ‘ತಾರಸಿಗೆ ದಿನಕ್ಕೆ ಐದಾರು ಗಂಟೆ ಬಿಸಿಲು ಬೀಳದಿದ್ದರೆ ಈ ಕೋರ್ಸ್ ಕೊಳ್ಳಬೇಡಿ’ ಎಂಬ ಸಾಲನ್ನೂ ಸೇರಿಸಿ. ಕೊಳ್ಳಬೇಡಿ ಎಂದವರು ಕೊಳ್ಳಿ ಎಂದಾಗ ಜನ ನಂಬುತ್ತಾರೆ. ಕಲಿತವರ ಅಭಿಪ್ರಾಯ ಹಾಕುವುದಾದರೆ ಅವರ ಒಪ್ಪಿಗೆ ಪಡೆದು, ಅವರ ಮಾತಿನಲ್ಲೇ ಹಾಕಿ.

ಬೆಲೆ, ಪಾವತಿ ಮಾಡಿದ ಎಷ್ಟು ಹೊತ್ತಿಗೆ ಲಿಂಕ್ ಬರುತ್ತದೆ, ಇಷ್ಟವಾಗದಿದ್ದರೆ ಹಣ ವಾಪಸ್ ಉಂಟೋ ಇಲ್ಲವೋ – ಇವನ್ನು ನೇರವಾಗಿ ಹೇಳಿ. ‘ಇನ್ನು ಮೂರೇ ಪ್ರತಿ ಬಾಕಿ’ ಎಂದು ಮಾತ್ರ ಬರೆಯಬೇಡಿ. ಪಿಡಿಎಫ್ ಖಾಲಿಯಾಗುವ ಸರಕಲ್ಲ. ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2023ರ ನವೆಂಬರ್‌ನಲ್ಲಿ ಹೊರಡಿಸಿದ ಮಾರ್ಗಸೂಚಿ 13 ಬಗೆಯ ‘ಡಾರ್ಕ್ ಪ್ಯಾಟರ್ನ್’ಗಳನ್ನು, ಅಂದರೆ ಆನ್‌ಲೈನ್‌ನಲ್ಲಿ ಗ್ರಾಹಕರನ್ನು ದಾರಿ ತಪ್ಪಿಸುವ ತಂತ್ರಗಳನ್ನು ಪಟ್ಟಿ ಮಾಡಿದ್ದು, ಸುಳ್ಳು ಅವಸರ ಹುಟ್ಟಿಸುವುದು ಅದರಲ್ಲಿ ಮೊದಲನೆಯದು.

ಹಂಚುವಾಗ ಒಂದು ತೊಡಕಿದೆ. ಒಂದೇ ಸಂದೇಶವನ್ನು ಹಲವರಿಗೆ ಪ್ರತ್ಯೇಕವಾಗಿ ಕಳಿಸುವ ವಾಟ್ಸ್‌ಆ್ಯಪ್ ಬ್ರಾಡ್‌ಕಾಸ್ಟ್ ಪಟ್ಟಿಗೆ 256 ಜನರನ್ನಷ್ಟೇ ಸೇರಿಸಬಹುದು. ಅದರಲ್ಲೂ ನಿಮ್ಮ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ ಸಂದೇಶ ಹೋಗುತ್ತದೆ. ಆದ್ದರಿಂದ ಮೊಗ್ಗು ಬಾರದಿರಲು ಕಾರಣಗಳನ್ನು ಹೇಳುವ ಎರಡು ಪುಟ ಉಚಿತವಾಗಿ ಕೊಟ್ಟು, ನಂಬರ್ ಸೇವ್ ಮಾಡಿಕೊಳ್ಳಲು ಕೇಳಿ. ಆ ಪುಟಗಳಿಂದ ಅವರ ಗಿಡಕ್ಕೆ ನಿಜವಾಗಿ ಉಪಯೋಗವಾಗಬೇಕು.

ಕಳಿಸುವ ಮುನ್ನ ಪಕ್ಕದ ಮನೆಯ ಅಕ್ಕನಿಗೆ ಬರಹವನ್ನು ಗಟ್ಟಿಯಾಗಿ ಓದಿ ಹೇಳಿ. ಅವರು ನಡುವೆ ಪ್ರಶ್ನೆ ಕೇಳಿದ ಕಡೆ ಉತ್ತರವನ್ನು ಸೇರಿಸಿ. ‘ದುಡ್ಡು ಎಲ್ಲಿಗೆ ಹಾಕ್ಬೇಕು ಮಾರಾಯ್ತಿ?’ ಎಂದು ಕೇಳಿದ ಜಾಗದಲ್ಲಿ ಯುಪಿಐ ಕ್ಯೂಆರ್ ಕೋಡ್ ಇಡಿ.