ಸಕ್ಕರೆ ಕಾಯಿಲೆಯವರ ಮರೆವನ್ನು ಕ್ಲಿನಿಕ್ಕಿನಲ್ಲೇ ಪತ್ತೆಹಚ್ಚಿದ್ದು: ನನ್ನ ಅನುಭವ

ದಕ್ಷಿಣ ಕೊಡಗಿನ ನನ್ನ ಸಣ್ಣ ಕ್ಲಿನಿಕ್ಕಿನಲ್ಲಿ ಟೈಪ್ 2 ಮಧುಮೇಹಿಗಳ ನೆನಪಿನ ಶಕ್ತಿಯನ್ನು ವರ್ಷಕ್ಕೊಮ್ಮೆ ಪರೀಕ್ಷಿಸುತ್ತೇನೆ ಎಂದಾಗ, ಸಹವೈದ್ಯರು ಅದಕ್ಕೆ ಸಮಯವೆಲ್ಲಿದೆ, ಮರೆವು ಕಂಡರೂ ಮಾಡುವುದೇನಿದೆ ಎಂದು ಕೇಳಿದ್ದರು. ಮಾಡುವುದು ಬೇಕಾದಷ್ಟಿದೆ ಎಂಬುದು ಈಗ ಖಚಿತವಾಗಿರುವುದರಿಂದ ಇದನ್ನು ಬರೆಯುತ್ತಿದ್ದೇನೆ.

ಮೊದಲು ಬಳಸಿದ್ದು ನೆನಪು, ಗಮನ, ಲೆಕ್ಕಗಳನ್ನು ಅಳೆಯುವ, ವೈದ್ಯರಿಗೆಲ್ಲ ಗೊತ್ತಿರುವ 30 ಅಂಕಗಳ ಮೋಕಾ ಪರೀಕ್ಷೆ. ಅದು ನಮ್ಮಲ್ಲಿ ನಡೆಯಲಿಲ್ಲ. ಹನ್ನೆರಡು ವರ್ಷ ಅಥವಾ ಅದಕ್ಕಿಂತ ಕಡಿಮೆ ಓದಿದವರಿಗೆ ಒಂದು ಅಂಕ ಸೇರಿಸಿದರೆ ಸಾಕೆನ್ನುವ ಲೆಕ್ಕ, ಪೆನ್ಸಿಲನ್ನೇ ಹಿಡಿಯದ, ತೋಟದ ಕಾರ್ಮಿಕರ ಲೈನ್ ಮನೆಯ ಹಿರಿಯರಿಗೆ ಹೊಂದುವುದಿಲ್ಲ. ಗಡಿಯಾರ ಬಿಡಿಸಲು, ನೂರರಿಂದ ಏಳೇಳು ಕಳೆಯಲು ಹೇಳಿದರೆ ಬಹುತೇಕರು ‘ಮರೆವಿನವರು’ ಎಂದೇ ಆಗುತ್ತಿದ್ದರು. ಮನೆಯಲ್ಲಿ ಕೊಡವ ತಕ್ಕ್ ಅಥವಾ ಯರವ ಭಾಷೆ ಆಡುವವರನ್ನು ಕನ್ನಡದಲ್ಲೇ ಕೇಳಿದಾಗಲೂ ಅಂಕಗಳು ಕುಸಿಯುತ್ತಿದ್ದವು.

ಹೀಗಾಗಿ ಐದು ಪದಗಳ ನೆನಪು, ನೂರರ ನೋಟು ಕೊಟ್ಟು ಸಾಮಾನು ಕೊಂಡರೆ ಉಳಿಯುವ ಚಿಲ್ಲರೆ, ಸಂತೆಯ ವಾರ, ಒಂದು ನಿಮಿಷದಲ್ಲಿ ಹೇಳಬಲ್ಲ ಪ್ರಾಣಿಗಳ ಹೆಸರು, ಇಷ್ಟನ್ನೇ ಉಳಿಸಿಕೊಂಡೆ. ಕಡೆಯದು ಅಕ್ಷರ ಬಾರದವರಿಗೆ ಅತ್ಯಂತ ನ್ಯಾಯವಾದ ಪ್ರಶ್ನೆ. ಕಾಡಂಚಿನ ಹಾಡಿಯ ಅಜ್ಜಂದಿರು ಕಾಟಿ, ಕಡವೆ, ಕಬ್ಬೆಕ್ಕು ಎಂದು ಉಸಿರು ಬಿಡದೆ ಹೇಳುತ್ತ ಓದಿದವರನ್ನೂ ಹಿಂದಿಕ್ಕುತ್ತಾರೆ. ಆ ಐದು ಪದಗಳನ್ನು ಇಲ್ಲಿ ಬರೆಯುವುದಿಲ್ಲ, ಅವು ಊರಿಗೆಲ್ಲ ಹರಡಿದರೆ ಪರೀಕ್ಷೆಯೇ ಮುಗಿಯಿತು. ನಮ್ಮ ನರ್ಸ್ ಇದನ್ನು ರೋಗಿಯ ಮನೆಮಾತಿನಲ್ಲೇ, ಸರದಿಗೆ ಕಾಯುವ ಹೊತ್ತಿನಲ್ಲಿ, ಐದಾರು ನಿಮಿಷದಲ್ಲಿ ಮುಗಿಸುತ್ತಾರೆ. ಬೆರಳು ಚುಚ್ಚಿ ನೋಡಿದ ಸಕ್ಕರೆ 70ಕ್ಕಿಂತ ಕೆಳಗಿದ್ದರೆ ಅಥವಾ 300 ದಾಟಿದ್ದರೆ ಅಂದು ಪರೀಕ್ಷೆ ಇಲ್ಲ.

ಅಂಕ ಕಡಿಮೆ ಬಂದವರಲ್ಲಿ ಕಾರಣ ಹುಡುಕುವುದೇ ನಿಜವಾದ ಕೆಲಸ. ಬಹಳ ವರ್ಷಗಳ ಕಾಯಿಲೆ, ಬಿ.ಪಿ., ಮೂತ್ರಪಿಂಡದ ತೊಂದರೆ, ಖಿನ್ನತೆ ಎಲ್ಲವೂ ಪಟ್ಟಿಯಲ್ಲಿದ್ದರೂ, ಇಲ್ಲಿ ನಾನು ಮೊದಲು ಬೆನ್ನಟ್ಟುವುದು ಲೋ ಶುಗರನ್ನು, ಅಂದರೆ ರಕ್ತದ ಸಕ್ಕರೆ ತೀರ ಇಳಿಯುವುದನ್ನು. ಸೇನೆಯಿಂದ ನಿವೃತ್ತರಾದ, ಎಪ್ಪತ್ತು ದಾಟಿದ ಹಿರಿಯರೊಬ್ಬರು ಕರಿಮೆಣಸಿನ ಲೆಕ್ಕ ತಪ್ಪುತ್ತಿದ್ದಾರೆಂದು ಮಕ್ಕಳು ಕರೆತಂದಿದ್ದರು. ಎರಡು-ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಎಚ್‌ಬಿಎ1ಸಿ ಆರೂಕಾಲರ ಆಸುಪಾಸು, ನೋಡಿದವರೆಲ್ಲ ಮೆಚ್ಚುವಂಥದ್ದು. ಆದರೆ ಅವರ ಪತ್ನಿ, “ಸಂಜೆ ಏಳರ ಹೊತ್ತಿಗೆ ಇವರಿಗೆ ಮೈಯೆಲ್ಲ ಬೆವರುತ್ತದೆ ಡಾಕ್ಟ್ರೇ, ಸುಮ್ಮಸುಮ್ಮನೆ ರೇಗುತ್ತಾರೆ, ಊಟವಾದರೆ ಸರಿಹೋಗುತ್ತಾರೆ” ಎಂದರು. ಸಕ್ಕರೆ ಇಳಿಸುವ ಗ್ಲಿಬೆನ್‌ಕ್ಲಮೈಡ್ ಮಾತ್ರೆ ದಿನಕ್ಕೆರಡು, ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ಸುಮಾರು 1.8, ಅಂದರೆ ಹೆಚ್ಚು, ಮೂತ್ರಪಿಂಡ ಸೋತಾಗ ಈ ಮಾತ್ರೆಯ ಅಂಶಗಳು ಮೈಯಲ್ಲೇ ನಿಲ್ಲುತ್ತವೆ. ಅದನ್ನು ನಿಲ್ಲಿಸಿ, ಬೇರೆ ಮಾತ್ರೆಗೆ ಬದಲಿಸಿ, ಎಚ್‌ಬಿಎ1ಸಿ ಏಳೂವರೆಯವರೆಗೆ ಏರಲು ಬಿಟ್ಟೆ. ಮೂರ್ನಾಲ್ಕು ತಿಂಗಳಲ್ಲಿ, ನನ್ನ ನೆನಪಿನಂತೆ, ಏಳೆಂಟು ಇದ್ದ ಪ್ರಾಣಿಗಳ ಹೆಸರು ಹನ್ನೆರಡಕ್ಕೆ ಬಂತು, ಮೆಣಸಿನ ಲೆಕ್ಕವೂ ಅವರ ಕೈಗೇ ಮರಳಿತು. ಸಕ್ಕರೆಯನ್ನು ಬಿಗಿ ಹಿಡಿದಷ್ಟೂ ಮೆದುಳಿಗೆ ಒಳ್ಳೆಯದು ಎಂದು ಇನ್ನೂ ವಾದಿಸುವವರು ಟೈಪ್ 2 ಮಧುಮೇಹಿಗಳ ಮೇಲೆ ನಡೆದು 2011ರಲ್ಲಿ ಪ್ರಕಟವಾದ ಅಕಾರ್ಡ್ ಮೈಂಡ್ ಅಧ್ಯಯನವನ್ನು ನೋಡಬೇಕು. ಎಚ್‌ಬಿಎ1ಸಿಯನ್ನು 6ಕ್ಕಿಂತ ಕೆಳಗಿಳಿಸಲು ಹೊರಟ ಗುಂಪಿಗೆ 40 ತಿಂಗಳ ಬಳಿಕವೂ ಅರಿವಿನ ಪರೀಕ್ಷೆಗಳಲ್ಲಿ ಮೇಲುಗೈ ಸಿಗಲಿಲ್ಲ.

ಲೋ ಶುಗರ್ ಮತ್ತು ಮರೆವು ಒಂದನ್ನೊಂದು ಬೆಳೆಸುತ್ತವೆ. ಮಕ್ಕಳು ಬೆಂಗಳೂರಿನಲ್ಲಿದ್ದು ತೋಟದ ಮನೆಯಲ್ಲಿ ಒಂಟಿಯಾಗಿರುವವರು ಮಾತ್ರೆ ನುಂಗಿದ್ದನ್ನು ಮರೆತು ಮತ್ತೆ ನುಂಗುತ್ತಾರೆ. ಆದ್ದರಿಂದ ಖಾಲಿಯಾದ ಮಾತ್ರೆಪಟ್ಟಿಗಳನ್ನೂ ತರಲು ಹೇಳುತ್ತೇನೆ. ಅವುಗಳನ್ನು ಎಣಿಸಿದರೆ ತಿಳಿಯುವಷ್ಟು ಯಾವ ಪ್ರಶ್ನೆಯಿಂದಲೂ ತಿಳಿಯುವುದಿಲ್ಲ.

ಬಿ12 ವಿಟಮಿನ್ ಕೊರತೆಯಿಂದಲೂ ಮರೆವು ಬರಬಹುದು, ಆದರೆ ಅದನ್ನು ಪರೀಕ್ಷಿಸುವ ವಿಷಯದಲ್ಲಿ ಸಹವೈದ್ಯರಿಂದ ಹೆಚ್ಚು ವಿರೋಧ ಬಂತು. ಹಂದಿಮಾಂಸ ತಿನ್ನುವ ನಾಡಿನಲ್ಲಿ ಆ ಕೊರತೆ ಎಲ್ಲಿಂದ ಎಂಬುದು ಅವರ ಪ್ರಶ್ನೆ. ಸಕ್ಕರೆ ಕಾಯಿಲೆಯ ಮಾತ್ರೆ ಮೆಟ್‌ಫಾರ್ಮಿನ್ ಕರುಳು ಬಿ12 ಹೀರಿಕೊಳ್ಳುವುದನ್ನೇ ತಗ್ಗಿಸುವುದರಿಂದ ಉಣ್ಣುವುದು ಏನೇ ಆಗಿದ್ದರೂ ಕೊರತೆ ಬರಬಹುದು, ನನಗೆ ಅಂಥವರು ಸಿಕ್ಕಿದ್ದಾರೆ. ಪರೀಕ್ಷೆಗೆ ಏಳೆಂಟುನೂರು ರೂಪಾಯಿ ಆಗುವುದರಿಂದ ನಾಲ್ಕೈದು ವರ್ಷ ಆ ಮಾತ್ರೆ ನುಂಗಿದವರಿಗೆ, ಪಾದ ಜೋಮು ಹಿಡಿಯುವವರಿಗೆ ಮಾತ್ರ ಬರೆಯುತ್ತೇನೆ.

ಹಣದ ಮಾತೂ ಹೇಳಬೇಕು. ಆರಂಭದಲ್ಲಿ ನೆನಪಿನ ಪರೀಕ್ಷೆಗೆ ನೂರು ರೂಪಾಯಿ ಇಟ್ಟಾಗ ಕಾರ್ಮಿಕರು ಬರುವುದನ್ನೇ ನಿಲ್ಲಿಸಿದರು. ಈಗ ಅದು ಉಚಿತ. ಸಕ್ಕರೆ ನೋಡುವ ಸ್ಟ್ರಿಪ್ಪು, ನರ್ಸಿನ ಹೆಚ್ಚುವರಿ ಸಂಬಳ ಸೇರಿ ವರ್ಷಕ್ಕೆ ನಲವತ್ತು ಸಾವಿರದಷ್ಟು ನನ್ನ ಕೈಯಿಂದ ಹೋಗುತ್ತದೆ.

ನಡುವೆ ಕಿವಿಯ ಕಡೆಗೂ ಗಮನ ಹೋಯಿತು. ಪದಗಳನ್ನು ಮರೆತರೆಂದು ಬರೆದುಕೊಂಡ ಕೆಲವರಿಗೆ ಅವು ಕೇಳಿಸಿಯೇ ಇರಲಿಲ್ಲ. ಗುಗ್ಗೆ ತೆಗೆದ ಮೇಲೆ ಅಂಕ ಏರಿತು. ಅಂದಿನಿಂದ ಪರೀಕ್ಷೆಗೆ ಮೊದಲು ಕಿವಿ ನೋಡುವುದು ಕಡ್ಡಾಯ.

65 ದಾಟಿದವರಿಗೆ ಇದೆಲ್ಲವನ್ನೂ ಏಪ್ರಿಲ್-ಮೇ ತಿಂಗಳಲ್ಲಿ ಇಟ್ಟುಕೊಂಡಿದ್ದೇನೆ. ಆ ಹೊತ್ತಿಗೆ ರೊಬಸ್ಟಾ ಕೊಯ್ಲು ಮುಗಿದಿರುತ್ತದೆ. ಜೂನಿನ ಮಳೆ ಹಿಡಿದ ಮೇಲೆ ವಯಸ್ಸಾದವರು ಕ್ಲಿನಿಕ್ಕಿಗೆ ಬರುವುದು ಕಷ್ಟ.