ಡಗ್ಲಸ್‌ಗೆ ಬಂದಿಳಿದವರಿಗೆ: ಅಂಗಡಿ, ಹಡಗು, ಪಾರ್ಸೆಲ್

ಐಲ್ ಆಫ್ ಮ್ಯಾನ್‌ಗೆ ಹೊಸದಾಗಿ ಬಂದಿರುವ ಕನ್ನಡ ಮನೆಯವರಿಗೆಲ್ಲ ನಮಸ್ಕಾರ. ಕೆಲಸ, ವೀಸಾ, ಮಕ್ಕಳ ಶಾಲೆ ಬಗ್ಗೆ ನಿಮ್ಮ ಆಸ್ಪತ್ರೆಯವರೋ ಕಂಪನಿಯವರೋ ಹೇಳಿಕೊಟ್ಟಿರುತ್ತಾರೆ. ಮನೆಗೆ ಸಾಮಾನು ಹೊಂದಿಸುವುದು ಹೇಗೆ ಅಂತ ಮಾತ್ರ ಯಾರೂ ಹೇಳುವುದಿಲ್ಲ. ಬಂದ ಹೊಸದರಲ್ಲಿ ಎಲ್ಲರೂ ಒದ್ದಾಡುವುದು ಇದರಲ್ಲೇ, ಅದಕ್ಕೇ ಸಂಘದ ಕಡೆಯಿಂದ ಇದನ್ನು ಬರೆಯುತ್ತಿದ್ದೇವೆ.

ಮೊದಲು ಊರಿನ ಅಳತೆ ಗೊತ್ತಿರಲಿ. ಇಡೀ ದ್ವೀಪದಲ್ಲಿ ಸುಮಾರು 84 ಸಾವಿರ ಜನ. ರಾಜಧಾನಿ ಡಗ್ಲಸ್‌ನಲ್ಲಿ 27 ಸಾವಿರದ ಹತ್ತಿರ. 2022ರಲ್ಲಿ ಇದಕ್ಕೆ ಸಿಟಿ ಅನ್ನುವ ಪಟ್ಟ ಸಿಕ್ಕಿದೆ, ಆದರೂ ಅಂಗಡಿ ಲೆಕ್ಕದಲ್ಲಿ ನಮ್ಮ ಕಡೆಯ ತಾಲ್ಲೂಕು ಕೇಂದ್ರ ಅಂದುಕೊಳ್ಳಿ. ಪೇಟೆ ಅಂದರೆ ಸ್ಟ್ರ್ಯಾಂಡ್ ಸ್ಟ್ರೀಟ್, ಜನ ನಡೆದೇ ಓಡಾಡುವ ಬೀದಿ. ಮಾರ್ಕ್ಸ್ ಅಂಡ್ ಸ್ಪೆನ್ಸರ್, ಬೂಟ್ಸ್ ಥರದವು ಇವೆ. ನಡುನಡುವೆ ಖಾಲಿ ಅಂಗಡಿಗಳೂ ಕಾಣುತ್ತವೆ. ಬಟ್ಟೆ, ಮನೆಸಾಮಾನು ಮಾರುತ್ತಿದ್ದ ಡೆಬೆನಮ್ಸ್ ಕಂಪನಿ ಬ್ರಿಟನ್ ತುಂಬಾ ಮುಳುಗಿದಾಗ, 2021ರಲ್ಲಿ, ಇಲ್ಲಿನ ಅಂಗಡಿಯೂ ಹೋಯಿತು. ಮ್ಯಾಂಚೆಸ್ಟರ್‌ನಲ್ಲಿ ಒಂದು ಅಂಗಡಿ ಮುಚ್ಚಿದರೆ ಪಕ್ಕದ ಬೀದಿಯಲ್ಲಿ ಇನ್ನೊಂದು ಇರುತ್ತದೆ. ಇಲ್ಲಿ ಒಂದು ಮುಚ್ಚಿದರೆ ಆ ಸಾಮಾನೇ ಊರಲ್ಲಿ ಸಿಗದ ಹಾಗಾಗುತ್ತದೆ, ಪರದೆ ಬಟ್ಟೆ, ದೊಡ್ಡ ಪಾತ್ರೆ, ಮದುವೆಗೆ ಹಾಕುವಂಥ ಸೂಟು, ಹೀಗೆ.

ಅಂಗಡಿಯವರ ಕಷ್ಟವೂ ಸಣ್ಣದಲ್ಲ. ಗಿರಾಕಿ ಕಡಿಮೆ, ಬಾಡಿಗೆ ಜಾಸ್ತಿ, ಬರುವ ಪ್ರತಿ ಡಬ್ಬಕ್ಕೂ ಹಡಗಿನ ಬಾಡಿಗೆ ಸೇರುತ್ತದೆ. ಹಾಗಾಗಿ ಎಲ್ಲ ಸೈಜು, ಎಲ್ಲ ಬಣ್ಣ ತಂದಿಟ್ಟುಕೊಳ್ಳುವ ಧೈರ್ಯ ಮಾಡುವುದಿಲ್ಲ. ಬೇಕಾದ ಸೈಜು ಇಲ್ಲ ಅಂತ ಜನ ಆನ್‌ಲೈನ್‌ಗೆ ಹೋಗುತ್ತಾರೆ, ಜನ ಹೋದರು ಅಂತ ಅವರು ಇನ್ನೂ ಕಡಿಮೆ ತರಿಸುತ್ತಾರೆ. ಈ ಸುತ್ತು ಬಿಡಿಸುವುದು ನಮ್ಮೊಬ್ಬರ ಕೈಲಾಗದು, ಆದರೆ ಒಂದು ಕೆಲಸ ನಮ್ಮ ಕೈಲಿದೆ. ಬೇಕಾದದ್ದು ಕಾಣಲಿಲ್ಲ ಅಂತ ಸುಮ್ನೆ ಹೊರಗೆ ಬರಬೇಡಿ, ಕೌಂಟರಿನಲ್ಲಿ ಕೇಳಿ. ಸಣ್ಣ ಅಂಗಡಿಯವರು ತರಿಸಿಕೊಡುತ್ತಾರೆ, ಫೋನ್ ನಂಬರ್ ಬರೆದಿಟ್ಟುಕೊಂಡು ಬಂದ ಕೂಡಲೇ ಕರೆಯುತ್ತಾರೆ. ಮಕ್ಕಳ ಶೂ, ಕುಕ್ಕರ್‌ಗೆ ಹೊಂದುವ ಒಲೆ, ಸೈಕಲ್, ಇವನ್ನೆಲ್ಲ ದಯವಿಟ್ಟು ಇಲ್ಲೇ ಕೊಳ್ಳಿ. ನಾಲ್ಕು ಪೌಂಡ್ ಜಾಸ್ತಿ ಆಗಬಹುದು. ಕೆಟ್ಟಾಗ ವಾಪಸ್ ತೆಗೆದುಕೊಂಡು ಹೋಗಲು ಒಂದು ಬಾಗಿಲು ಇರುತ್ತದೆ, ಅಲ್ವಾ?

ಶಾಲೆಯ ಯೂನಿಫಾರ್ಮನ್ನು ಆಗಸ್ಟ್ ಕೊನೆವರೆಗೆ ಬಿಡಬೇಡಿ, ನಡುವಿನ ಸೈಜುಗಳು ಮೊದಲೇ ಖಾಲಿಯಾಗುತ್ತವೆ. ಚಳಿ ಕೋಟು ಸೆಪ್ಟೆಂಬರಿನಲ್ಲೇ ಕೊಳ್ಳಿ. ಸಂಜೆ ಡ್ಯೂಟಿ ಮುಗಿಸಿ ಪೇಟೆಗೆ ಹೋಗೋಣ ಅಂದರೆ ಆಗುವುದಿಲ್ಲ, ಐದೂವರೆಗೆಲ್ಲ ಹೆಚ್ಚಿನ ಬಾಗಿಲು ಬಿದ್ದಿರುತ್ತವೆ.

ಕಾರಿದ್ದರೆ ಪಾರ್ಕಿಂಗ್ ಡಿಸ್ಕ್ ಮರೆಯಬೇಡಿ. ಗಡಿಯಾರದ ಮುಖದಂಥ ಒಂದು ರಟ್ಟು ಅದು. ಬಂದು ನಿಲ್ಲಿಸಿದ ಹೊತ್ತಿಗೆ ಮುಳ್ಳು ತಿರುಗಿಸಿ ಗಾಜಿನೊಳಗೆ ಕಾಣುವಂತೆ ಇಡಬೇಕು. ಡಿಸ್ಕ್ ವಲಯ ಅಂತ ಬೋರ್ಡು ಇರುವಲ್ಲಿ ದುಡ್ಡು ಕೊಡಬೇಕಾಗಿಲ್ಲ, ಆದರೆ ಡಿಸ್ಕ್ ಇಡದಿದ್ದರೆ ದಂಡ ಬೀಳುತ್ತದೆ. ಎಷ್ಟು ಹೊತ್ತು ನಿಲ್ಲಿಸಬಹುದು ಅನ್ನುವುದು ಬೀದಿಗೊಂದು ಥರ, ಬೋರ್ಡು ಓದಿ.

ಈಗ ದಿನಸಿ. ಇಲ್ಲಿನದೇ ಆಗಿದ್ದ ಶಾಪ್‌ರೈಟ್‌ನ 9 ಅಂಗಡಿಗಳನ್ನು 2023ರಲ್ಲಿ ಟೆಸ್ಕೊ ಕೊಂಡುಕೊಂಡಿತು. ಹಾಗಾಗಿ ಹಳಬರು ಶಾಪ್‌ರೈಟ್ ಪಕ್ಕ ಅಂತ ದಾರಿ ಹೇಳಿದರೆ ಟೆಸ್ಕೊ ಹುಡುಕಿ. ಎಲ್ಲಿ ಕೊಂಡರೂ ಸಾಮಾನು ಬರುವುದು ಹೆಚ್ಚಾಗಿ ಇಂಗ್ಲೆಂಡಿನ ಹೀಶಮ್ ಬಂದರಿನಿಂದ, ಸ್ಟೀಮ್ ಪ್ಯಾಕೆಟ್ ಕಂಪನಿಯ ಹಡಗಿನಲ್ಲಿ. ಚಳಿಗಾಲದಲ್ಲಿ ಗಾಳಿ ಎದ್ದರೆ ಹಡಗು ನಿಲ್ಲುತ್ತದೆ. ಸೊಪ್ಪು, ಟೊಮೆಟೊ, ಬ್ರೆಡ್ಡು ಇಡುವ ಕಪಾಟು ಬೇಗ ಬರಿದಾಗುತ್ತದೆ. ಗಾಬರಿಯಾಗಿ ಗಾಡಿ ತುಂಬಾ ತುಂಬಿಕೊಳ್ಳಬೇಡಿ, ಹಡಗು ಹೊರಟ ಮೇಲೆ ಎಲ್ಲ ಬರುತ್ತದೆ. ಹಾಲಿನ ಚಿಂತೆ ಬೇಡ, ಐಲ್ ಆಫ್ ಮ್ಯಾನ್ ಕ್ರೀಮರಿಯ ಹಾಲು ಇಲ್ಲಿನದೇ. ಆಲೂಗಡ್ಡೆ, ಮೊಟ್ಟೆಯೂ ಇಲ್ಲಿನವು ಸಿಗುತ್ತವೆ. ಅಕ್ಕಿ, ಬೇಳೆ, ಹಿಟ್ಟು ಮಾತ್ರ ನವೆಂಬರಿನಿಂದ ಮಾರ್ಚ್‌ವರೆಗೆ ಒಂದು ತಿಂಗಳಿನಷ್ಟು ಮುಂದಾಗಿ ಇಟ್ಟುಕೊಳ್ಳಿ.

ಎಲ್ಲಕ್ಕಿಂತ ಸಿಟ್ಟು ಬರಿಸುವುದು ಪಾರ್ಸೆಲ್. ಬುಟ್ಟಿಗೆ ಎಲ್ಲ ಹಾಕಿ, ಕಾರ್ಡ್ ನಂಬರ್ ಕೊಟ್ಟು, ವಿಳಾಸದಲ್ಲಿ ಐಎಂ2 ಅಂತ ಇಲ್ಲಿನ ಪೋಸ್ಟ್‌ಕೋಡ್ ಹೊಡೆದ ತಕ್ಷಣ ಕೆಂಪು ಸಾಲು ಬರುತ್ತದೆ, ಈ ಪ್ರದೇಶಕ್ಕೆ ಕಳಿಸುವುದಿಲ್ಲ ಅಂತ. ಇಲ್ಲವಾದರೆ ಹತ್ತು ಪೌಂಡಿನ ಬೆಡ್‌ಶೀಟಿಗೆ ಹದಿನೈದು ಪೌಂಡ್ ಸಾಗಣೆ. ಬುಟ್ಟಿ ತುಂಬುವ ಮೊದಲೇ ಪೋಸ್ಟ್‌ಕೋಡ್ ಹಾಕಿ ನೋಡಿ. ಕೆಲವು ಮಾರಾಟಗಾರರು ನಮ್ಮನ್ನು ಜರ್ಸಿ, ಗರ್ನ್ಸಿ ಜೊತೆ ಸೇರಿಸಿ ವಿದೇಶ ಅಂದುಕೊಳ್ಳುತ್ತಾರೆ. ಇಲ್ಲಿ ವ್ಯಾಟ್ ಬ್ರಿಟನ್‌ನಷ್ಟೇ, 20%, ಅಲ್ಲಿಂದ ಬರುವ ಸಾಮಾನಿಗೆ ಕಸ್ಟಮ್ಸ್ ಸುಂಕ ಇಲ್ಲ. ಇದನ್ನು ಈಮೇಲ್‌ನಲ್ಲಿ ಹೇಳಿ, ರಾಯಲ್ ಮೇಲ್‌ನಲ್ಲಿ ಕಳಿಸುತ್ತೀರಾ ಅಂತ ಕೇಳಿದರೆ ಎಷ್ಟೋ ಜನ ಒಪ್ಪುತ್ತಾರೆ. ವಾಪಸ್ ಕಳಿಸುವ ಖರ್ಚು ಯಾರದು ಅಂತಲೂ ಮೊದಲೇ ಕೇಳಿ. ಇಲ್ಲಿಂದ ಅಂಚೆಗೆ ಹಾಕುವಾಗ ಬ್ರಿಟನ್ ಸ್ಟಾಂಪ್ ನಡೆಯುವುದಿಲ್ಲ, ಐಲ್ ಆಫ್ ಮ್ಯಾನ್ ಸ್ಟಾಂಪೇ ಬೇಕು.

ನೋಟಿನ ವಿಷಯವೂ ಹೀಗೇ. ಇಲ್ಲಿನ ಎಟಿಎಂ ಸಾಮಾನ್ಯವಾಗಿ ಮ್ಯಾಂಕ್ಸ್ ನೋಟು, ಅಂದರೆ ಈ ದ್ವೀಪದ್ದೇ ನೋಟು ಕೊಡುತ್ತದೆ, ಒಂದು ಪೌಂಡಿನ ನೋಟೂ ಇನ್ನೂ ಚಾಲ್ತಿಯಲ್ಲಿದೆ. ಬೆಲೆ ಬ್ರಿಟನ್ ಪೌಂಡಿಗೆ ಸಮಸಮ, ಆದರೆ ಲಿವರ್‌ಪೂಲ್ ದಾಟಿದರೆ ಅಂಗಡಿಯವರು ತೆಗೆದುಕೊಳ್ಳುವುದು ಅಪರೂಪ. ಹೊರಡುವ ಮುಂಚೆ ಖರ್ಚು ಮಾಡಿ, ಇಲ್ಲವೇ ಬ್ಯಾಂಕಿನಲ್ಲಿ ಬದಲಿಸಿಕೊಳ್ಳಿ.

ನಮ್ಮ ಅಡುಗೆ ಸಾಮಾನಿಗೆ ಡಗ್ಲಸ್‌ನಲ್ಲಿ ಸಣ್ಣ ಏಷ್ಯನ್ ಅಂಗಡಿಗಳಿವೆ. ತೊಗರಿಬೇಳೆ, ಉದ್ದಿನಬೇಳೆ, ಹುಣಸೆಹಣ್ಣು ಸಿಗುತ್ತದೆ. ಬ್ಯಾಡಗಿ ಮೆಣಸಿನಕಾಯಿ, ರಾಗಿ ಹಿಟ್ಟು, ದಪ್ಪ ಅವಲಕ್ಕಿ ಕೇಳಿ ನೋಡಿ, ಸಿಕ್ಕ ದಿನ ತೆಗೆದಿಟ್ಟುಕೊಳ್ಳಿ. ಊರಿಂದ ತರುವಾಗ ತುಪ್ಪ, ಪೇಡಾ, ಹಾಲಿನ ಯಾವ ತಿಂಡಿಯನ್ನೂ ಕಟ್ಟಬೇಡಿ, ಬ್ರಿಟನ್ ವಿಮಾನ ನಿಲ್ದಾಣದಲ್ಲಿ ಕಿತ್ತುಕೊಳ್ಳುತ್ತಾರೆ. ಹಸಿ ಕರಿಬೇವೂ ಬೇಡ. ಸಾರಿನಪುಡಿ, ಹುಳಿಪುಡಿ, ಒಣ ಹಪ್ಪಳ ಧಾರಾಳವಾಗಿ ತನ್ನಿ.

ಯಾರಾದರೂ ಕಾರಿನಲ್ಲಿ ಹೀಶಮ್ ದಾಟಿದರೆ ಪ್ರೆಸ್ಟನ್, ಬೋಲ್ಟನ್ ಕಡೆ ಗುಜರಾತಿಗಳ ದೊಡ್ಡ ದಿನಸಿ ಅಂಗಡಿಗಳಿವೆ. ಹೋಗುವವರು ನಮ್ಮ ವಾಟ್ಸಾಪ್ ಗುಂಪಿನಲ್ಲಿ ಮೊದಲೇ ತಿಳಿಸುವುದು ರೂಢಿ, ಬೇಕಾದವರು ಪಟ್ಟಿ ಹಾಕಿ ದುಡ್ಡು ಕಳಿಸುತ್ತಾರೆ. ಮೇ ಕೊನೆ, ಜೂನ್ ಮೊದಲ ವಾರ ಟಿಟಿ ಬೈಕ್ ರೇಸ್ ಹೊತ್ತಿಗೆ ಹಡಗಿನಲ್ಲಿ ಕಾರಿಗೆ ಜಾಗ ಸಿಗುವುದು ಕಷ್ಟ, ರಸ್ತೆಗಳೂ ಬಂದ್ ಆಗಿರುತ್ತವೆ. ಆ ತಿಂಗಳ ಅಕ್ಕಿಯನ್ನು ಏಪ್ರಿಲ್ ಪಟ್ಟಿಯಲ್ಲೇ ಸೇರಿಸಿ. ಗುಂಪಿಗೆ ಸೇರಲು ಸಂಘದ ಯಾರನ್ನಾದರೂ ಕೇಳಿ, ಅವತ್ತೇ ಸೇರಿಸುತ್ತಾರೆ.