ಹಲವು ಅರೇ ಸೇರಿಸಿ ಒಂದು ಮಾಡಿದ್ದು: ನನ್ನ ಅನುಭವ

ನಾನು ಜಾವಾಸ್ಕ್ರಿಪ್ಟ್‌ನಲ್ಲಿ ಬರೆಯುತ್ತಿದ್ದ ಆ್ಯಪ್‌ಗೆ ಆರ್ಡರ್‌ಗಳ ಪಟ್ಟಿ ಸರ್ವರ್‌ನಿಂದ ಒಂದೇ ಸಲಕ್ಕೆ ಬರುತ್ತಿರಲಿಲ್ಲ. ಪುಟ ಪುಟವಾಗಿ ಬರುತ್ತಿತ್ತು, ಒಂದೊಂದು ಪುಟವೂ ಒಂದೊಂದು ಅರೇ, ಅಂದರೆ ಐಟಂಗಳನ್ನು ಸಾಲಾಗಿ ಇಟ್ಟ ಪಟ್ಟಿ. ತೋರಿಸಲು ಮಾತ್ರ ಒಂದೇ ಅರೇ ಬೇಕು.

ಎರಡೇ ಅರೇ ಇದ್ದರೆ ಜಾಸ್ತಿ ಯೋಚನೆ ಬೇಡ. ಚೌಕ ಬ್ರಾಕೆಟ್ ಒಳಗೆ ಎರಡರ ಹೆಸರನ್ನೂ ಬರೆದು, ಪ್ರತಿ ಹೆಸರಿಗೂ ಮುಂಚೆ ಮೂರು ಚುಕ್ಕಿ ಇಟ್ಟರೆ ಮುಗಿಯಿತು. ಇದೇ ಸ್ಪ್ರೆಡ್, 2015ರ ಆವೃತ್ತಿಯಲ್ಲಿ ಬಂದದ್ದು. ಅದಕ್ಕಿಂತ ಹಳೆಯ ಕಾನ್‌ಕ್ಯಾಟ್ ಕೂಡ ಇದೇ ಕೆಲಸ ಮಾಡುತ್ತದೆ. ಎರಡೂ ಹೊಸ ಅರೇ ಕೊಡುತ್ತವೆ, ಮೂಲದವು ಹಾಗೇ ಇರುತ್ತವೆ. ತೆರೆ ಕಟ್ಟುವ ಲೈಬ್ರರಿ ರಿಯಾಕ್ಟ್‌ನ ಸ್ಟೇಟ್‌ಗೆ, ಅಂದರೆ ಅದು ತೋರಿಸುವ ಡೇಟಾಗೆ, ನನಗೆ ಬೇಕಿದ್ದದ್ದೂ ಅದೇ. ಪುಶ್ ಮಾಡಿದರೆ, ಅಂದರೆ ಕೊನೆಗೆ ಸೇರಿಸಿದರೆ, ಇದ್ದ ಅರೇಯೇ ಬದಲಾಗುತ್ತದೆ. ಅಷ್ಟೇ ಅಲ್ಲ, ಪುಶ್ ಒಳಗೆ ಸ್ಪ್ರೆಡ್ ಹಾಕಿದರೆ ಪ್ರತಿ ಐಟಂ ಒಂದು ಆರ್ಗ್ಯುಮೆಂಟ್, ಅಂದರೆ ಫಂಕ್ಷನ್‌ಗೆ ಕೊಡುವ ಬೇರೆ ಬೇರೆ ಮೌಲ್ಯ, ಆಗುತ್ತದೆ. ಲಕ್ಷಗಟ್ಟಲೆ ಐಟಂ ಇದ್ದರೆ ಸ್ಟ್ಯಾಕ್ (ಫಂಕ್ಷನ್ ಕರೆಗಳಿಗೆ ಮೀಸಲಾದ ಮೆಮೊರಿ) ಸಾಲದೆ ರೇಂಜ್ ಎರರ್ ಬರಬಹುದು.

ಪುಟಗಳು ಎಷ್ಟು ಅಂತ ಕೋಡ್ ಬರೆಯುವಾಗ ಗೊತ್ತಿರುವುದಿಲ್ಲ, ಅಲ್ವಾ? ಹಾಗಾಗಿ ಎಲ್ಲ ಕೋರಿಕೆಗಳನ್ನೂ, ಅವೆಲ್ಲ ಮುಗಿಯುವವರೆಗೆ ಕಾಯುವ ಪ್ರಾಮಿಸ್ ಆಲ್‌ಗೆ ಕೊಟ್ಟೆ. ಯಾವ ಪುಟ ಮೊದಲು ಬಂದರೂ ಉತ್ತರಗಳು ನಾವು ಕೇಳಿದ ಕ್ರಮದಲ್ಲೇ ಸಿಗುತ್ತವೆ. ಸಿಕ್ಕಿದ್ದು ಅರೇಗಳ ಅರೇ. ಅದರ ಮೇಲೆ ಒಳಗಿನ ಅರೇಗಳನ್ನು ಬಿಚ್ಚುವ ಫ್ಲಾಟ್ ಕರೆದೆ. ಇದು 2019ರಲ್ಲಿ ಬಂತು. ಸುಮ್ನೆ ಕರೆದರೆ ಒಂದು ಹಂತ ಮಾತ್ರ ಬಿಚ್ಚುತ್ತದೆ, ನನಗೆ ಅಷ್ಟೇ ಸಾಕಿತ್ತು. ಇದನ್ನೇ, ಐಟಂಗಳನ್ನು ಒಂದೊಂದಾಗಿ ತೆಗೆದುಕೊಂಡು ಒಂದೇ ಫಲಿತಾಂಶ ಕಟ್ಟುವ ರೆಡ್ಯೂಸ್ ಒಳಗೆ ಸ್ಪ್ರೆಡ್ ಹಾಕಿ ಮಾಡುವವರಿದ್ದಾರೆ. ನನಗದು ಹಿಡಿಸುವುದಿಲ್ಲ. ಪ್ರತಿ ಸುತ್ತಿನಲ್ಲೂ ಹಿಂದಿನದೆಲ್ಲ ಮತ್ತೆ ಕಾಪಿ ಆಗುತ್ತದೆ.

ನಿಜವಾಗಿ ತಲೆ ಕೆಡಿಸಿಕೊಂಡದ್ದು ಎರಡೆರಡು ಸಲ ಕಾಣುತ್ತಿದ್ದ ಆರ್ಡರ್‌ಗಳ ಬಗ್ಗೆ. ಪಟ್ಟಿಯಲ್ಲಿ ಹೊಸದು ಮೇಲೆ ಇರುತ್ತದೆ. ಒಂದನೇ ಪುಟ ಓದಿದ ಮೇಲೆ ಹೊಸ ಆರ್ಡರ್ ಬಂದರೆ ಆ ಪುಟದ ಕೊನೆಯದು ಎರಡನೆಯದಕ್ಕೆ ಜಾರುತ್ತದೆ. ಒಂದೇ ಮೌಲ್ಯವನ್ನು ಎರಡು ಸಲ ಇಟ್ಟುಕೊಳ್ಳದ ಸೆಟ್ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ನಂಬರ್, ಸ್ಟ್ರಿಂಗ್ ಆದರೆ ಸರಿ. ಆಬ್ಜೆಕ್ಟ್‌ಗಳಲ್ಲಿ ಒಳಗಿನ ವಿವರ ಒಂದೇ ಇದ್ದರೂ ಅವು ಬೇರೆ ಬೇರೆ ಆಬ್ಜೆಕ್ಟ್ ಆಗಿದ್ದರೆ ಸೆಟ್ ಎರಡನ್ನೂ ಇಟ್ಟುಕೊಳ್ಳುತ್ತದೆ. ಅದಕ್ಕೇ ಕೀ, ವ್ಯಾಲ್ಯೂ ಜೋಡಿಗಳನ್ನು ಇಡುವ ಮ್ಯಾಪ್ ತೆಗೆದುಕೊಂಡೆ. ಆರ್ಡರ್ ಐಡಿ ಕೀ, ಇಡೀ ಆರ್ಡರ್ ವ್ಯಾಲ್ಯೂ. ಅದೇ ಐಡಿ ಮತ್ತೆ ಬಂದರೆ ವಿವರ ಹೊಸದಾಗುತ್ತದೆ, ಸಾಲಿನಲ್ಲಿ ಜಾಗ ಮಾತ್ರ ಮೊದಲಿನದೇ. ಕೊನೆಗೆ ವ್ಯಾಲ್ಯೂಗಳನ್ನು ಅರೇ ಮಾಡಿಕೊಂಡರೆ ಆಯಿತು.

ಐಟಂ ಇಲ್ಲದ ಪುಟಕ್ಕೆ ಆ ಸರ್ವರ್ ಖಾಲಿ ಅರೇ ಬದಲು ನಲ್, ಅಂದರೆ ಏನೂ ಇಲ್ಲ ಎನ್ನುವ ಗುರುತು, ಕಳಿಸುತ್ತಿತ್ತು. ನಲ್ ಅನ್ನು ಅರೇ ಒಳಗೆ ಸ್ಪ್ರೆಡ್ ಮಾಡಿದರೆ ಟೈಪ್ ಎರರ್ ಬರುತ್ತದೆ. ಫ್ಲಾಟ್ ಆದರೆ ಸದ್ದಿಲ್ಲದೆ ಆ ನಲ್ ಅನ್ನೂ ಪಟ್ಟಿಯಲ್ಲಿ ಉಳಿಸುತ್ತದೆ. ಹಾಗಾಗಿ ಫ್ಲಾಟ್‌ಗೆ ಮುಂಚೆಯೇ ನಲ್ ಇದ್ದ ಕಡೆ ಖಾಲಿ ಅರೇ ಇಟ್ಟೆ.